ಇಪ್ಪತ್ತೆರಡು ಹೊಲಿಗೆ ಯಂತ್ರ: ಯುದ್ಧ ಮುಗಿದ ಮೇಲೆ ಉತ್ತರ ಶ್ರೀಲಂಕಾದ ದುಡಿಮೆ

ಕಡಲಂಚು

2011ರಿಂದ ಎರಡು ವರ್ಷ ನಾನು ಶ್ರೀಲಂಕಾದ ಉತ್ತರ ಭಾಗದಲ್ಲಿ, ಕಿಳಿನೊಚ್ಚಿ ಮತ್ತು ಮುಲ್ಲೈತೀವು ಜಿಲ್ಲೆಗಳಲ್ಲಿ, ಒಂದು ನೆರವು ಸಂಸ್ಥೆಗೆ ಕೆಲಸ ಮಾಡಿದ್ದೆ. ಸಂಸ್ಥೆಯ ಹೆಸರು ಬೇಡ.

2009ರ ಮೇ ತಿಂಗಳಲ್ಲಿ ಸರ್ಕಾರ ಮತ್ತು ತಮಿಳು ಬಂಡುಕೋರರ ಎಲ್‌ಟಿಟಿಇ ನಡುವಿನ ಯುದ್ಧ ಮುಗಿದಾಗ ಸುಮಾರು ಮೂರು ಲಕ್ಷ ತಮಿಳರನ್ನು ಮುಳ್ಳುತಂತಿ ಬೇಲಿಯ ಶಿಬಿರಗಳಲ್ಲಿ ಇಟ್ಟಿದ್ದರು. ಅವುಗಳಲ್ಲಿ ದೊಡ್ಡದು ವವುನಿಯಾ ಜಿಲ್ಲೆಯ ಮೆನಿಕ್ ಫಾರ್ಮ್. ನಾನು ಹೋಗುವ ಹೊತ್ತಿಗೆ ಅಲ್ಲಿಂದ ಜನ ತಂಡತಂಡವಾಗಿ ಊರಿಗೆ ಮರಳುತ್ತಿದ್ದರು. ಊರು ಅಂದರೆ ಸೂರಿಲ್ಲದ ಗೋಡೆ, ಹೂಳು ತುಂಬಿದ ಬಾವಿ, ತಲೆ ಹಾರಿದ ತಾಳೆ ಮರ. ಎಷ್ಟೋ ತಾಳೆ ಮರಗಳನ್ನು ಯುದ್ಧದಲ್ಲಿ ಬಂಕರ್ ಕಟ್ಟಲು ಕಡಿದುಬಿಟ್ಟಿದ್ದರು.

ನಮ್ಮ ವಿಭಾಗದ ಹೆಸರು ‘ಜೀವನೋಪಾಯ’. ಒಂದು ಹಳ್ಳಿಯಲ್ಲಿ ಮನೆ ನಡೆಸುತ್ತಿದ್ದವರು ಹೆಚ್ಚಾಗಿ ಹೆಂಗಸರು. ಕೆಲವರ ಗಂಡ ಸತ್ತಿದ್ದ. ಕೆಲವರಿಗೆ ಗಂಡ ಎಲ್ಲಿದ್ದಾನೆ ಅಂತಲೇ ಗೊತ್ತಿರಲಿಲ್ಲ. ಅಲ್ಲಿ ಇಪ್ಪತ್ತೆರಡು ಹೊಲಿಗೆ ಯಂತ್ರ ಹಂಚಿದೆವು. ಮೂರು ವಾರ ತರಬೇತಿ, ಪ್ರಮಾಣಪತ್ರ, ಗುಂಪಿನಲ್ಲಿ ಫೋಟೊ. ಆರು ತಿಂಗಳ ಮೇಲೆ ಹೋಗಿ ನೋಡಿದರೆ ಯಂತ್ರಗಳ ಮೇಲೆ ಹಳೇ ಸೀರೆ ಹೊದಿಸಿತ್ತು. ಒಂದೇ ಹಳ್ಳಿಯಲ್ಲಿ ಇಪ್ಪತ್ತೆರಡು ದರ್ಜಿಗಳಾದರೆ ಹೊಲಿಸಿಕೊಳ್ಳುವವರು ಯಾರು? ಅಷ್ಟರಲ್ಲಿ ಉತ್ತರವನ್ನು ದಕ್ಷಿಣಕ್ಕೆ ಜೋಡಿಸುವ ಎ9 ಹೆದ್ದಾರಿ ತೆರೆದಿತ್ತು. ದಕ್ಷಿಣದಿಂದ ರೆಡಿಮೇಡ್ ಬಟ್ಟೆ ಲಾರಿಗಟ್ಟಲೆ ಬರುತ್ತಿತ್ತು.

ಇಷ್ಟು ವರ್ಷ ಆದರೂ ಇದು ತಲೆಯಿಂದ ಹೋಗಿಲ್ಲ. ಜನಾಂಗೀಯ ಯುದ್ಧದಲ್ಲಿ ಎಲ್ಲ ಕಳೆದುಕೊಂಡವರಿಗೆ ಹೊರಗಿನವರು ದುಡಿಮೆ ಕಟ್ಟಿಕೊಡಲು ಆಗುತ್ತಾ? ಸಾಮಾನು ಕೊಡಬೇಕಾ, ದುಡ್ಡು ಕೊಡಬೇಕಾ, ಸಾಲವಾ? ನಿಮಗೇನನ್ನಿಸುತ್ತೆ ಹೇಳಿ.

ನೇರಮಾತು

ಕೇಳೋಕೆ ಒರಟು ಅನ್ನಿಸಬಹುದು, ಆದರೂ ಹೇಳ್ತೀನಿ. ಕೊಟ್ಟು ಕೊಟ್ಟೇ ಜನರನ್ನು ಕೂರಿಸುತ್ತೀರಿ. ಒಂದು ವರ್ಷ ಅಕ್ಕಿ ಬೇಳೆ ಕೊಡಿ. ಆಮೇಲೆ ನಿಲ್ಲಿಸಿ. ಹೊಟ್ಟೆ ಹಸಿದರೆ ಕೈ ತಾನೇ ಕೆಲಸ ಹುಡುಕುತ್ತೆ. ಮೀನು ಕೊಡಬೇಡಿ, ಮೀನು ಹಿಡಿಯೋದು ಕಲಿಸಿ ಅಂತ ದೊಡ್ಡವರು ಸುಮ್ನೆ ಹೇಳಿಲ್ಲ. ನಿಮ್ಮ ಹೊಲಿಗೆ ಯಂತ್ರದ ಕಥೆಯೂ ಅದೇ ಅಲ್ವಾ? ಪುಕ್ಕಟೆ ಬಂದದ್ದಕ್ಕೆ ಬೆಲೆ ಇಲ್ಲ. ಅರ್ಧ ದುಡ್ಡನ್ನಾದರೂ ಅವರಿಂದ ಕಟ್ಟಿಸಿಕೊಂಡಿದ್ದರೆ ಬೇಡದವರು ತಗೊಳ್ಳುತ್ತಲೇ ಇರಲಿಲ್ಲ.

ಬಲೆಗಾರ

ಮುಲ್ಲೈತೀವಿನವರಿಗೆ ಮೀನು ಹಿಡಿಯೋದು ಕಲಿಸೋಕೆ ಯಾರನ್ನು ಕಳಿಸುತ್ತೀರಿ ಸ್ವಾಮಿ?

ನಾನು ಮೀನುಗಾರರ ಮನೆಯವನು, ಅದಕ್ಕೇ ಈ ಮಾತು ಚುಚ್ಚಿತು. ಅಲ್ಲಿನ ಕರಾವಳಿಯಲ್ಲಿ ತಲೆಮಾರುಗಳಿಂದ ಇದೇ ಕಸುಬು. ಯುದ್ಧ ನಡೆದಷ್ಟು ವರ್ಷ ಕಡಲಿಗೆ ಇಳಿಯಲು ಪಾಸ್ ಬೇಕಿತ್ತು. ಇಷ್ಟೇ ದೂರ ಹೋಗಬೇಕು, ಇಂಥ ಹೊತ್ತಿನಲ್ಲೇ ಹೋಗಬೇಕು, ಇಷ್ಟು ಶಕ್ತಿಯ ಎಂಜಿನ್‌ಗಿಂತ ದೊಡ್ಡದು ಹಾಕಬಾರದು ಅಂತೆಲ್ಲ ನಿಯಮ. ಕೆಲವು ಕಡೆ ಪೂರ್ತಿ ನಿಷೇಧ. 2009ರ ನಂತರ ಇವು ಒಂದೊಂದಾಗಿ ಸಡಿಲವಾದವು. ನೆರವಿನವರು ದೋಣಿ ಕೊಟ್ಟರು, ಬಲೆ ಕೊಟ್ಟರು. ಒಳ್ಳೇದೇ.

ಆಮೇಲೆ ಏನಾಯ್ತು? ತಮಿಳುನಾಡಿನ ಟ್ರಾಲರ್‌ಗಳು ಭಾರತ, ಲಂಕಾ ನಡುವಿನ ಪಾಕ್ ಕೊಲ್ಲಿಯ ಗಡಿ ದಾಟಿ ಬಂದವು. ಹೆಚ್ಚಾಗಿ ವಾರಕ್ಕೆ ಮೂರು ರಾತ್ರಿ. ಟ್ರಾಲರ್ ಅಂದರೆ ಕಡಲ ತಳವನ್ನೇ ಕೆರೆಯುವ ಬಲೆ ಎಳೆದುಕೊಂಡು ಹೋಗುವ ದೋಣಿ. ಇತ್ತ ಉತ್ತರ ಲಂಕಾದವರದು ನೀರಿನಲ್ಲಿ ಗೋಡೆ ಥರ ಇಳಿಬಿಡುವ ತೆಳು ಬಲೆ. ಟ್ರಾಲರ್ ಒಂದು ಸಲ ಅದರ ಮೇಲೆ ಹಾದರೆ ಬೆಳಿಗ್ಗೆ ಸಿಗುವುದು ಹಗ್ಗದ ತುಂಡು. ಹಾಗಾಗಿ ಆ ಮೂರು ರಾತ್ರಿ ಇವರು ದೋಣಿಯನ್ನೇ ಇಳಿಸುತ್ತಿರಲಿಲ್ಲ. ಅರ್ಧ ವಾರದ ದುಡಿಮೆ ಹೋಯ್ತು, ಲೆಕ್ಕ ಹಾಕಿ. ಶ್ರೀಲಂಕಾ 2017ರಲ್ಲಿ ತಳ ಕೆರೆಯುವ ಟ್ರಾಲಿಂಗನ್ನು ಕಾನೂನಿನಿಂದ ನಿಷೇಧಿಸಿತು. ಆದರೆ ಜಗಳ ಇನ್ನೂ ಮುಗಿದಿಲ್ಲ.

ನೋಡಿ, ಯುದ್ಧ ಶುರುವಾದಾಗ ಇವರಿಗೆ ಆಸರೆ ಕೊಟ್ಟದ್ದು ಆಚೆ ದಡ. ಯುದ್ಧ ಮುಗಿದ ಮೇಲೆ ಬಲೆ ಹರಿದದ್ದೂ ಆಚೆ ದಡದವರೇ. ಎರಡೂ ಕಡೆ ತಮಿಳರು, ಎರಡೂ ಕಡೆ ಬಡವರು. ಟ್ರಾಲರ್‌ನಲ್ಲಿ ಕೂಲಿ ಮಾಡುವವನನ್ನು ಬೈದು ಪ್ರಯೋಜನ ಇಲ್ಲ, ಯಜಮಾನ ಬೇರೆ ಇರುತ್ತಾನೆ. ಆದರೆ ನೆರವಿನವರು ಬಲೆ ಎಷ್ಟು ಹಂಚಿದೆವು ಅಂತ ಎಣಿಸಿದರು, ಹರಿದದ್ದನ್ನು ಎಣಿಸಲಿಲ್ಲ.

ಎರಡನೇ ಬೆಂಚು

ಇದು ಗೊತ್ತೇ ಇರಲಿಲ್ಲ. ನಾವು ಸುದ್ದಿಯಲ್ಲಿ ‘ಲಂಕಾ ನೌಕಾಪಡೆಯಿಂದ ಭಾರತದ ಮೀನುಗಾರರ ಬಂಧನ’ ಅಂತ ಮಾತ್ರ ಓದಿರುತ್ತೇವೆ.

ಲೆಕ್ಕಪುಸ್ತಕ

ಸಾಮಾನು ಬೇಡ, ದುಡ್ಡು ಕೊಡಿ ಅನ್ನುವವನು ನಾನು. ಯಾರಿಗೆ ಏನು ಬೇಕು ಅನ್ನುವುದು ಆ ಮನೆಯವರಿಗೇ ಗೊತ್ತಿರುತ್ತದೆ.

ಅಲ್ಲಿಂದಲೇ ಒಂದು ಉದಾಹರಣೆ. ಭಾರತ ಸರ್ಕಾರ ಯುದ್ಧದ ನಂತರ 50,000 ಮನೆ ಕಟ್ಟಿಸಿಕೊಡುವುದಾಗಿ ಹೇಳಿತು. ಹೆಚ್ಚಿನವು ಉತ್ತರ ಮತ್ತು ಪೂರ್ವ ಪ್ರಾಂತ್ಯಗಳಲ್ಲಿ. 2012ರ ಅಕ್ಟೋಬರ್‌ನಿಂದ ಗುತ್ತಿಗೆದಾರರನ್ನು ಬಿಟ್ಟು ಬೇರೆ ದಾರಿ ಹಿಡಿದರು. ಒಂದು ಮನೆಗೆ 5.5 ಲಕ್ಷ ಶ್ರೀಲಂಕಾ ರೂಪಾಯಿ, ಕಂತುಗಳಲ್ಲಿ, ನೇರ ಮನೆಯವರ ಖಾತೆಗೆ. ಅಡಿಪಾಯ ಆದರೆ ಒಂದು ಕಂತು, ಗೋಡೆ ಎದ್ದರೆ ಇನ್ನೊಂದು. ಮೇಸ್ತ್ರಿಯನ್ನು ಹುಡುಕುವುದು, ಸಾಮಾನು ತರಿಸುವುದು, ಕಿಟಕಿ ಎಲ್ಲಿ ಇಡಬೇಕು ಅನ್ನುವುದು ಎಲ್ಲ ಅವರದೇ ತೀರ್ಮಾನ.

ಇದರ ಪಕ್ಕ ಇನ್ನೊಂದು ಯೋಜನೆ ಇಟ್ಟು ನೋಡಿ. 2016ರ ಸುಮಾರಿಗೆ ಅಲ್ಲಿನ ಸರ್ಕಾರ ಒಂದು ದೊಡ್ಡ ಉಕ್ಕಿನ ಕಂಪನಿಯಿಂದ 65,000 ಸಿದ್ಧ ಉಕ್ಕಿನ ಮನೆ ತರಿಸಲು ಹೊರಟಿತು. ಮನೆಯೊಂದಕ್ಕೆ ಸುಮಾರು 21 ಲಕ್ಷ ರೂಪಾಯಿ! ಉತ್ತರದವರು ಬೇಡವೇ ಬೇಡ ಅಂದರು. ಆ ಬಿಸಿಲಿಗೆ ಉಕ್ಕಿನ ಗೋಡೆ ಯಾರಿಗೆ ಬೇಕು? ಅದಕ್ಕಿಂತ ಮುಖ್ಯ ಕಾರಣ, ಇಟ್ಟಿಗೆ ಮನೆ ಕಟ್ಟಿದರೆ ಅಲ್ಲೇ ಗಾರೆ ಕೆಲಸದವರಿಗೆ, ಬಡಗಿಗೆ, ಮರಳು ಹೊರುವವರಿಗೆ ಕೂಲಿ ಸಿಗುತ್ತದೆ. ಉಕ್ಕಿನ ಮನೆಯ ದುಡ್ಡು ಹಡಗು ಹತ್ತಿ ಹೋಗುತ್ತದೆ. ಕೊನೆಗೆ ಆ ಯೋಜನೆ ನಿಂತುಹೋಯಿತು.

ನನಗೆ ಮನೆ ಕಟ್ಟುವುದೇ ಒಂದು ದುಡಿಮೆಯ ಯೋಜನೆಯಂತೆ ಕಾಣುತ್ತದೆ. ‘ವಸತಿ’ ಬೇರೆ, ‘ಜೀವನೋಪಾಯ’ ಬೇರೆ ಅಂತ ವಿಭಾಗ ಮಾಡಿಕೊಂಡದ್ದೇ ತಪ್ಪು.

ಕಡಲಂಚು

ಲೆಕ್ಕಪುಸ್ತಕ ಅವರೇ, ಮುಕ್ಕಾಲು ಒಪ್ಪುತ್ತೇನೆ. ಆ ಮನೆಗಳನ್ನು ಕಣ್ಣಾರೆ ನೋಡಿದ್ದೇನೆ. ಒಂದರಂತೆ ಇನ್ನೊಂದು ಇರಲಿಲ್ಲ, ಅದೇ ಚೆಂದ. ಒಬ್ಬಾಕೆ ಬಾಗಿಲಿಗೆ ಶಿಬಿರದಿಂದ ತಂದ ತಗಡನ್ನೇ ಹಾಕಿದ್ದಳು, ‘ಬಾಗಿಲು ಆಮೇಲೆ, ಮೊದಲು ಪೂಜೆ ಗೂಡು’ ಅಂತ.

ಉಳಿದ ಕಾಲು ಭಾಗ ಹೇಳುತ್ತೇನೆ. ಒಂದೇ ಸಮಯಕ್ಕೆ ಸಾವಿರಾರು ಮನೆ ಎದ್ದರೆ ಮರಳಿನ ಬೆಲೆ ಏನಾಗುತ್ತೆ? ಸಿಮೆಂಟು? ಮೇಸ್ತ್ರಿಯ ದಿನಗೂಲಿ? ಎಲ್ಲ ಏರಿತು, 5.5 ಲಕ್ಷ ಅಲ್ಲೇ ನಿಂತಿತ್ತು. ಕಂತು ಬರಬೇಕೆಂದರೆ ಮೊದಲು ಆ ಹಂತ ಮುಗಿಸಿ ತೋರಿಸಬೇಕು. ಮುಗಿಸಲು ಕೈಯಲ್ಲಿ ದುಡ್ಡಿಲ್ಲ. ಹಾಗಾಗಿ ಓಲೆ ಗಿರವಿ, ಬಳೆ ಗಿರವಿ, ಆಮೇಲೆ ಸಾಲ. ಎಲ್ಲರೂ ಹೀಗೆ ಸಿಕ್ಕಿಕೊಂಡರು ಅಂತಲ್ಲ. ಮನೆಯಲ್ಲಿ ದುಡಿಯುವ ಗಂಡಾಳು ಇದ್ದರೆ ಅವನೇ ಮಣ್ಣು ಹೊತ್ತು ಕೂಲಿ ಉಳಿಸುತ್ತಿದ್ದ. ಒಂಟಿ ಹೆಂಗಸು ಎಲ್ಲದಕ್ಕೂ ಕೂಲಿ ಕೊಡಬೇಕು. ಇಬ್ಬರಿಗೂ ಕೊಟ್ಟದ್ದು ಒಂದೇ ಮೊತ್ತ.

ನೇರಮಾತು ಅವರಿಗೆ: ಪುಕ್ಕಟೆ ಕೊಟ್ಟಿದ್ದಕ್ಕೆ ಯಂತ್ರ ಮೂಲೆ ಸೇರಿದ್ದಲ್ಲ. ಆ ಹೆಂಗಸರು ಯಂತ್ರ ಕೇಳಿಯೇ ಇರಲಿಲ್ಲ. ನಮ್ಮ ಪಟ್ಟಿಯಲ್ಲಿ ಮೂರೇ ಆಯ್ಕೆ ಇದ್ದವು: ಹೊಲಿಗೆ, ಕೋಳಿ, ಸಣ್ಣ ಅಂಗಡಿ.

ಓದುಗಿ

ಸಾಲದ ಮಾತು ಬಂತು, ಒಂದಿಷ್ಟು ಸೇರಿಸುತ್ತೇನೆ. ನಾನು ಇದರ ಬಗ್ಗೆ ಓದಿದವಳು ಮಾತ್ರ. ಅಲ್ಲಿಗೆ ಹೋಗಿಲ್ಲ.

ಎ9 ರಸ್ತೆ ತೆರೆದಾಗ ಬಟ್ಟೆ ಲಾರಿಯ ಜೊತೆಗೇ ಬ್ಯಾಂಕು, ಲೀಸಿಂಗ್ ಕಂಪನಿ, ಕಿರುಸಾಲದವರು ಎಲ್ಲ ಬಂದರು. ಟ್ರ್ಯಾಕ್ಟರ್ ಬೇಕಾ, ಆಟೊ ಬೇಕಾ, ಸಹಿ ಮಾಡಿ. ದಶಕಗಳ ಕಾಲ ಬ್ಯಾಂಕೇ ಸರಿಯಾಗಿ ನೋಡದ ಊರಿನಲ್ಲಿ ಸಾಲ ಮನೆ ಬಾಗಿಲಿಗೆ ಬಂತು. ಕಿರುಸಾಲದವರು ಹುಡುಕಿದ್ದು ಹೆಂಗಸರನ್ನೇ. ಐದಾರು ಜನರ ಗುಂಪು, ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ವಾರ ವಾರ ವಸೂಲಿ. ಒಂದು ಸಾಲ ತೀರಿಸಲು ಇನ್ನೊಂದು ಸಾಲ. ಗುಂಪು ಅಂದರೆ ಒಬ್ಬರಿಗೊಬ್ಬರು ಆಸರೆ ಅಂತ ಹೇಳಿಕೊಟ್ಟಿದ್ದರು. ಕೊನೆಗೆ ನೆರೆಮನೆಯವಳೇ ನೆರೆಮನೆಯವಳ ಬಾಗಿಲು ತಟ್ಟುವ ಹಾಗಾಯ್ತು. ಯುದ್ಧವೂ ಕೆಡಿಸದ ಸಂಬಂಧಗಳು ಇದರಲ್ಲಿ ಕೆಟ್ಟವು ಅನ್ನಿಸುತ್ತದೆ ನನಗೆ.

2018ರಲ್ಲಿ ಸರ್ಕಾರವೇ ಮಧ್ಯೆ ಬರಬೇಕಾಯಿತು. ಬರಪೀಡಿತ 12 ಜಿಲ್ಲೆಗಳ ಹೆಂಗಸರ ಒಂದು ಲಕ್ಷ ರೂಪಾಯಿವರೆಗಿನ ಕಿರುಸಾಲ ಮನ್ನಾ ಅಂತ ಘೋಷಿಸಿತು. ಬಡ್ಡಿ ವರ್ಷಕ್ಕೆ ಶೇ. 35 ಮೀರಬಾರದು ಅಂತ ಮಿತಿ ಹಾಕಿದರು. ಮಿತಿಯೇ ಶೇ. 35 ಅಂದರೆ ಅದಕ್ಕೂ ಮೊದಲು ಎಷ್ಟಿತ್ತು ಅಂತ ಊಹಿಸಿಕೊಳ್ಳಿ.

ಇನ್ನೊಂದು ವಿಷಯ. ಗಂಡ ಕಾಣೆಯಾದವರ ಪಾಡು. ಜಮೀನು ಗಂಡನ ಹೆಸರಲ್ಲಿದೆ. ಅವನು ಸತ್ತಿದ್ದಾನೆ ಅಂತ ಬರೆದುಕೊಟ್ಟರೆ ಕಾಗದ ಸಿಗುತ್ತದೆ, ಪರಿಹಾರವೂ ಸಿಗುತ್ತದೆ. ಆದರೆ ಹಾಗೆ ಬರೆದುಕೊಟ್ಟರೆ ಹುಡುಕುವುದನ್ನು ಬಿಟ್ಟಂತೆ. ಎಷ್ಟೋ ಜನ ಮರಣಪತ್ರ ಬೇಡವೇ ಬೇಡ ಅಂದರು. 2016ರಲ್ಲಿ ಕಾನೂನು ತಿದ್ದಿ ‘ಕಾಣೆಯಾಗಿದ್ದಾರೆ’ ಅನ್ನುವ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಮಾಡಿದರು. ಯುದ್ಧ ಮುಗಿದು ಏಳು ವರ್ಷಕ್ಕೆ! ಅಲ್ಲಿಯತನಕ ಆಕೆ ವಿಧವೆಯೂ ಅಲ್ಲ, ಗಂಡನಿರುವವಳೂ ಅಲ್ಲ. ಯಾವ ಅರ್ಜಿಯ ಯಾವ ಕಾಲಂ ತುಂಬಬೇಕು?

ನೇರಮಾತು

ಸಾಲ ಮನ್ನಾ ಮಾಡಿದ್ದು ಸರಿನಾ? ಕಷ್ಟಪಟ್ಟು ತೀರಿಸಿದವಳು ದಡ್ಡಿ ಆದಳಲ್ಲ.

ಮತ್ತೆ, ಇದಕ್ಕೆಲ್ಲ ಮೂಲ ಎಲ್‌ಟಿಟಿಇ. ಅದನ್ನು ಯಾಕೆ ಯಾರೂ…

ಲೆಕ್ಕಪುಸ್ತಕ

ಯಾರು ಶುರು ಮಾಡಿದರು ಅನ್ನೋದಕ್ಕೆ ಬೇರೆ ಚರ್ಚೆ ತೆರೆಯಿರಿ, ದಯವಿಟ್ಟು. ಅದು ಒಂದು ಸಲ ಶುರುವಾದರೆ ಲಂಕಾಕ್ಕೆ ಸ್ವಾತಂತ್ರ್ಯ ಬಂದ 1948ಕ್ಕೆ ಹೋಗಿ ನಿಲ್ಲುತ್ತದೆ.

ಮನ್ನಾ ಬಗ್ಗೆ ನಿಮ್ಮ ಪ್ರಶ್ನೆ ತಪ್ಪಲ್ಲ. ಆದರೆ ಸಾಲ ಅನ್ನುವುದು ಮುಂದೆ ಬರುವ ಆದಾಯದ ಮೇಲೆ ಕೊಡುವಂಥದ್ದು. ಅಕ್ಕಿಗೆ, ಆಸ್ಪತ್ರೆಗೆ, ಮಗಳ ಶಾಲೆಗೆ ಅಂತ ಸಾಲ ತಗೊಂಡವಳು ಯಾವ ಲಾಭದಿಂದ ತೀರಿಸಬೇಕು? ಅಂಥವಳಿಗೆ ಕೊಡಬೇಕಾದ್ದು ಅನುದಾನ. ಕೊಟ್ಟದ್ದು ಸಾಲ. ಆಮೇಲೆ ಮನ್ನಾ ಮಾಡಿ ಅನುದಾನ ಮಾಡಿದರು, ನಡುವೆ ಆಕೆಯ ನಿದ್ದೆ ಕೆಡಿಸಿ. ಮೊದಲೇ ಕೊಟ್ಟಿದ್ದರೆ ಅಗ್ಗವಾಗುತ್ತಿತ್ತು.

ಎರಡನೇ ಬೆಂಚು

ಒಂದು ಸಣ್ಣ ಅನುಮಾನ. ಇವರನ್ನೆಲ್ಲ ನಿರಾಶ್ರಿತರು ಅನ್ನಬಹುದಾ? ನಿರಾಶ್ರಿತರು ಅಂದರೆ ದೇಶದ ಗಡಿ ದಾಟಿದವರು ಅಲ್ವಾ? ಮೆನಿಕ್ ಫಾರ್ಮ್‌ನವರು ಸ್ವಂತ ದೇಶದಲ್ಲೇ ಇದ್ದರಲ್ಲ.

ಓದುಗಿ

ಸರಿಯಾದ ಪ್ರಶ್ನೆ. 1951ರ ನಿರಾಶ್ರಿತರ ಒಪ್ಪಂದದ ಪ್ರಕಾರ ಗಡಿ ದಾಟಿದವರೇ ನಿರಾಶ್ರಿತರು. ಅದರಲ್ಲಿ ಕೂಲಿ, ಸ್ವಂತ ಕಸುಬು, ಓಡಾಟದ ಹಕ್ಕುಗಳ ಮಾತೂ ಇದೆ. ದೇಶದೊಳಗೇ ಮನೆಬಿಟ್ಟವರಿಗೆ ಆ ಒಪ್ಪಂದ ಅನ್ವಯ ಆಗಲ್ಲ. ಅವರು ಸ್ವಂತ ಸರ್ಕಾರದ ಹೊಣೆ, ಎಷ್ಟೋ ಸಲ ಅವರನ್ನು ಓಡಿಸಿದ ಸರ್ಕಾರದ್ದೇ.

ಲಂಕಾದಲ್ಲಿ ಎರಡೂ ಥರದವರು ಇದ್ದಾರೆ. 1983ರ ತಮಿಳು ವಿರೋಧಿ ಗಲಭೆಯ ನಂತರ ತಮಿಳುನಾಡಿಗೆ ದೋಣಿ ಹತ್ತಿದವರು ನಿಜಾರ್ಥದಲ್ಲಿ ನಿರಾಶ್ರಿತರು. ನೂರಕ್ಕೂ ಹೆಚ್ಚು ಶಿಬಿರ ಇವೆ. 2021ರಲ್ಲಿ ತಮಿಳುನಾಡು ಸರ್ಕಾರ ಅವನ್ನು ‘ಪುನರ್ವಸತಿ ಶಿಬಿರ’ ಅಂತ ಕರೆದು 7,469 ಹೊಸ ಮನೆ ಘೋಷಿಸಿತು. ಅಂದರೆ ಹತ್ತಿರ ಹತ್ತಿರ ನಲವತ್ತು ವರ್ಷದ ತಾತ್ಕಾಲಿಕ ಬದುಕು. ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ ಅನ್ನುವುದನ್ನೂ ಹೇಳಬೇಕು. ಯುದ್ಧ ಮುಗಿದ ಮೇಲೆ ಕೆಲವರು ಮರಳಿದರು. ಅಲ್ಲಿಗೆ ಹೋದರೆ ಭಾರತದಲ್ಲಿ ಹುಟ್ಟಿದ ಮಗುವಿಗೆ ಲಂಕಾದ ಜನನ ನೋಂದಣಿ, ಪೌರತ್ವದ ಕಾಗದ ಬೇಕು. ಕಾಗದದ ಹಿಂದೆ ಓಡಾಡಿದ್ದೇ ಓಡಾಡಿದ್ದು.

ಯಾರೂ ಎತ್ತದ ಇನ್ನೊಂದು ಗುಂಪು ಇದೆ. 1990ರ ಅಕ್ಟೋಬರ್‌ನಲ್ಲಿ ಎಲ್‌ಟಿಟಿಇ ಉತ್ತರದ ಮುಸ್ಲಿಮರನ್ನೆಲ್ಲ ಹೊರಹಾಕಿತು. ಸುಮಾರು 75,000 ಜನ. ಜಾಫ್ನಾ ಪಟ್ಟಣದವರಿಗೆ ಕೊಟ್ಟ ಸಮಯ ಎರಡು ಗಂಟೆ. (ನೇರಮಾತು ಅವರೇ, ನೀವು ಅರ್ಧಕ್ಕೆ ಬಿಟ್ಟ ಮಾತು ಇಲ್ಲಿ ಬಂತು ನೋಡಿ.) ಹೆಚ್ಚಿನವರು ಪಶ್ಚಿಮ ಕರಾವಳಿಯ ಪುತ್ತಳಂಗೆ ಹೋಗಿ ತೆಂಗಿನ ಗರಿ ಗುಡಿಸಲಲ್ಲಿ ಇಪ್ಪತ್ತು ವರ್ಷ ಕಳೆದರು. 2009ರ ನಂತರ ನೆರವು ಬಂದಾಗ ಕಾಗದದಲ್ಲಿ ಎರಡು ಸಾಲು ಇತ್ತು. 2008ರ ನಂತರ ಮನೆಬಿಟ್ಟವರು ‘ಹೊಸಬರು’, ಅದಕ್ಕೂ ಮೊದಲಿನವರು ‘ಹಳಬರು’. ದುಡ್ಡು ಹೊಸಬರಿಗೆ. ಹಳಬರು ಊರಿಗೆ ಮರಳಿದರೆ ಜಮೀನಲ್ಲಿ ಕಾಡು ಬೆಳೆದಿದೆ ಅಥವಾ ಬೇರೆಯವರು ಇದ್ದಾರೆ. ಹೋದಾಗ ಒಂದು ಸಂಸಾರ, ಬಂದಾಗ ನಾಲ್ಕು. ಒಂದು ಪಾಲಿನ ಜಮೀನಿನಲ್ಲಿ ನಾಲ್ಕು ಒಲೆ ಹೇಗೆ ಉರಿಯಬೇಕು?

ನೇರಮಾತು

ಓದುಗಿ ಅವರೇ, ಇದು ಒಳ್ಳೆಯ ವಿಷಯ. ನನಗೆ ಗೊತ್ತಿರಲಿಲ್ಲ, ಒಪ್ಪಿಕೊಳ್ತೀನಿ.

ಆದರೆ ಆ ಪುತ್ತಳಂನವರ ಕಡೆಯಿಂದಲೂ ನೋಡಿ. ಅವರೂ ಬಡವರೇ. ಒಂದು ದಿನ ಸಾವಿರಾರು ಜನ ಬಂದು ಕೂತರು. ಬಾವಿ ನೀರು ಹಂಚಿಕೋ, ಶಾಲೆ ಹಂಚಿಕೋ, ಕೂಲಿ ಹಂಚಿಕೋ. ನೆರವಿನ ಚೀಲ ಬಂದಾಗ ಮಾತ್ರ ಹಂಚಿಕೆ ಇಲ್ಲ, ಅದು ಬಂದವರಿಗೆ. ಮನಸ್ಸು ಕಹಿ ಆಗಲ್ವಾ?

ಇನ್ನು ಸಂಸ್ಥೆಗಳ ಜೀಪು, ಬಾಡಿಗೆ ಬಂಗಲೆ, ಏಸಿ ಕೋಣೆಯ ಸಭೆ. ಊರಿನ ಬಾಡಿಗೆ ಮೂರು ಪಟ್ಟು ಮಾಡಿ, ಇಂಗ್ಲಿಷ್ ಬಲ್ಲ ಮೇಷ್ಟ್ರನ್ನು ಅನುವಾದಕ ಮಾಡಿಕೊಂಡು, ಯೋಜನೆ ಮುಗಿದ ದಿನ ಬೀಗ ಹಾಕಿ ಹೋಗ್ತಾರೆ. ಇದು ನನ್ನ ಅಸಲಿ ಸಿಟ್ಟು. ಮೊದಲ ಕಾಮೆಂಟ್‌ನಲ್ಲಿ ಬೇರೆ ಥರ ಬಂತು.

ಕಡಲಂಚು

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ಕಚೇರಿಯ ಚಾಲಕ ಯುದ್ಧಕ್ಕೆ ಮೊದಲು ಶಾಲೆಯಲ್ಲಿ ಗಣಿತ ಹೇಳುತ್ತಿದ್ದ. ನಮ್ಮ ಸಂಬಳ ಜಾಸ್ತಿ ಅಂತ ಬಂದ. ಕಚೇರಿ ಮುಚ್ಚಿದ ಮೇಲೆ ಎರಡೂ ಇರಲಿಲ್ಲ.

ಎರಡನೇ ಬೆಂಚು

ಊಟ ಹಂಚುವ ಬದಲು ಉಗಾಂಡಾದಲ್ಲಿ ಜಮೀನೇ ಕೊಡುತ್ತಾರಂತಲ್ಲ? ಕಾಲೇಜಿನಲ್ಲಿ ಕೇಳಿದ್ದೆ.

ಲೆಕ್ಕಪುಸ್ತಕ

ಹೌದು. ಉಗಾಂಡಾದ 2006ರ ನಿರಾಶ್ರಿತರ ಕಾನೂನು ಬಹಳ ಉದಾರ. ಬಂದವರು ಕೆಲಸ ಮಾಡಬಹುದು, ಓಡಾಡಬಹುದು, ವ್ಯಾಪಾರ ಮಾಡಬಹುದು. ನೆಲೆಗಳಲ್ಲಿ ಉಳಿಯುವವರಿಗೆ ತುಂಡು ಭೂಮಿ ಕೊಡುತ್ತಾರೆ. ದಕ್ಷಿಣ ಸುಡಾನ್‌ನಲ್ಲಿ 2013ರ ಡಿಸೆಂಬರ್‌ನಲ್ಲಿ ಶುರುವಾದ ಯುದ್ಧ ಬೇಗನೆ ಡಿಂಕಾ, ನುಯೆರ್ ಅಂತ ಜನಾಂಗದ ಹೆಸರು ಹಿಡಿದು ಕೊಲ್ಲುವ ಮಟ್ಟಕ್ಕೆ ಹೋಯಿತು. 2016ರಲ್ಲಿ ಮತ್ತೆ ಹೊತ್ತಿಕೊಂಡಾಗ ಉಗಾಂಡಾದ ಯುಂಬೆ ಜಿಲ್ಲೆಯಲ್ಲಿ ಬಿಡಿಬಿಡಿ ಅನ್ನುವ ನೆಲೆ ಶುರುವಾಯಿತು. ಕೆಲವೇ ತಿಂಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ.

ನೇರಮಾತು ಅವರ ಮಾತಿಗೂ ಅಲ್ಲಿ ಉತ್ತರ ಇದೆ. ಬರುವ ನೆರವಿನಲ್ಲಿ ಶೇ. 30ರಷ್ಟು ಸ್ಥಳೀಯರಿಗೆ ಹೋಗಬೇಕು ಅನ್ನುವುದು ಅಲ್ಲಿನ ಸರ್ಕಾರದ ನೀತಿ. ನಿರಾಶ್ರಿತರಿಗೆ ಕೊಳವೆಬಾವಿ ತೋಡಿದರೆ ಊರವರೂ ಅಲ್ಲೇ ನೀರು ಹಿಡಿಯುತ್ತಾರೆ. ಜಮೀನು ಬಿಟ್ಟುಕೊಟ್ಟದ್ದೂ ಊರವರೇ ಅಲ್ಲವೇ.

ನೇರಮಾತು

ಅದೇ ನಾನು ಹೇಳಿದ್ದು! ಜಮೀನು ಕೊಟ್ಟು, ಅಕ್ಕಿ ನಿಲ್ಲಿಸಿ.

ಕಡಲಂಚು

ಪೂರ್ತಿ ನಿಲ್ಲಿಸದಿದ್ದರೂ ಕಡಿಮೆ ಮಾಡಿ ನೋಡಿದ್ದಾರೆ. ಎರಡು ಕಡೆ.

ಉಗಾಂಡಾದಲ್ಲಿ ಮೊದಲು 50 ಮೀಟರ್ ಉದ್ದ, 50 ಮೀಟರ್ ಅಗಲದ ತುಂಡು ಕೊಡುತ್ತಿದ್ದರು. ಜನ ಜಾಸ್ತಿಯಾದಂತೆ 30ಕ್ಕೆ 30 ಆಯಿತು. ಅದರಲ್ಲೇ ಮನೆ, ಪಾಯಿಖಾನೆ, ತರಕಾರಿ. ಅದೂ ಎಷ್ಟೋ ಕಡೆ ಕಲ್ಲು ನೆಲ. ಆ ನೆಲದಲ್ಲಿ ಒಂದು ಸಂಸಾರ ವರ್ಷವಿಡೀ ಉಣ್ಣಲಾರದು. 2020ರ ಏಪ್ರಿಲ್‌ನಲ್ಲಿ, ಕೊರೊನಾ ಬಂದು ಕೆಲಸವೂ ನಿಂತ ಹೊತ್ತಿನಲ್ಲಿ, ದುಡ್ಡಿಲ್ಲ ಅಂತ ವಿಶ್ವ ಆಹಾರ ಕಾರ್ಯಕ್ರಮ ಅಲ್ಲಿ ಪಡಿತರವನ್ನು ಶೇ. 30 ಕಡಿಮೆ ಮಾಡಿತು.

ಇನ್ನೊಂದು ಬಾಂಗ್ಲಾದೇಶ. 2017ರ ಆಗಸ್ಟ್ ನಂತರ ಮ್ಯಾನ್ಮಾರ್‌ನ ರಖೈನ್‌ನಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಕಾಕ್ಸ್ ಬಜಾರ್‌ಗೆ ಓಡಿಬಂದರು. ಅಷ್ಟು ಬಡ ದೇಶ ಬಾಗಿಲು ತೆರೆದದ್ದು ದೊಡ್ಡ ಮಾತು. ಆದರೆ ಅಲ್ಲಿ ಅವರಿಗೆ ಕಾನೂನಿನ ಪ್ರಕಾರ ಹೊರಗೆ ಕೆಲಸ ಮಾಡುವ ಹಾಗಿಲ್ಲ. ಶಿಬಿರದ ಸುತ್ತ ಬೇಲಿ. 2023ರಲ್ಲಿ ತಲೆಗೆ ತಿಂಗಳಿಗೆ 12 ಡಾಲರ್ ಇದ್ದ ಊಟದ ನೆರವು ಮಾರ್ಚ್‌ನಲ್ಲಿ 10ಕ್ಕೆ, ಜೂನ್‌ನಲ್ಲಿ 8ಕ್ಕೆ ಇಳಿಯಿತು. ಆಮೇಲೆ ಏರಿಸಿದರು, ಅದಿರಲಿ. ನೀವು ಹೇಳಿದಂತೆ ಹಸಿವಾಯಿತು, ಕೈ ಕೆಲಸ ಹುಡುಕಿತು. ಹುಡುಕಿದ ಕೈಗೆ ಸಿಕ್ಕಿದ್ದು ಕದ್ದುಮುಚ್ಚಿ ಮಾಡುವ ಅರ್ಧ ಕೂಲಿ, ಚಿಕ್ಕ ವಯಸ್ಸಿನ ಮಗಳ ಮದುವೆ, ಮಲೇಷ್ಯಾ ಕಡೆಗೆ ಹೋಗುವ ಮುರುಕು ದೋಣಿ.

ಅಕ್ಕಿ ನಿಲ್ಲಿಸುವುದು ಸುಲಭ. ಬೇಲಿ ತೆಗೆಯುವುದು ನೆರವಿನವರ ಕೈಯಲ್ಲಿಲ್ಲ.

ನೇರಮಾತು

ಸರಿ. ಕೆಲಸ ಮಾಡಬಾರದು ಅಂತ ಕಟ್ಟಿಹಾಕಿ ಊಟ ಕಡಿಮೆ ಮಾಡೋದು ಅನ್ಯಾಯ. ಅದನ್ನು ವಾಪಸ್ ತಗೊಂಡೆ. ಆದರೆ ಲಂಕಾದಲ್ಲಿ ಊರಿಗೆ ಮರಳಿದವರಿಗೆ ಬೇಲಿ ಇರಲಿಲ್ಲವಲ್ಲ?

ಕಡಲಂಚು

ಇತ್ತು. ಬೇಲಿಯ ಒಳಗೆ ಇದ್ದದ್ದು ಅವರಲ್ಲ, ಅವರ ಜಮೀನು.

2012ರ ಸೆಪ್ಟೆಂಬರ್‌ನಲ್ಲಿ ಮೆನಿಕ್ ಫಾರ್ಮ್ ಮುಚ್ಚಿದರು. ಶಿಬಿರ ಮುಗಿಯಿತು ಅಂತ ಎಲ್ಲ ಕಡೆ ಸುದ್ದಿ. ಕೊನೆಯ ತಂಡದಲ್ಲಿದ್ದವರು ಮುಲ್ಲೈತೀವಿನ ಕೆಪ್ಪಾಪುಲವು ಊರಿನವರು. ಅವರ ಊರಿನಲ್ಲಿ ಸೇನೆ ಇತ್ತು. ಹಾಗಾಗಿ ಅವರನ್ನು ಬೇರೆ ಕಡೆ, ಕಾಡು ಕಡಿದ ಜಾಗದಲ್ಲಿ ಇಳಿಸಿದರು. ಅವರಿಗೂ ನೆರವು ಬಂತು. ತಗಡು, ಪಾತ್ರೆ, ಬಿತ್ತನೆ ಬೀಜ. ಬೀಜ ಕೊಟ್ಟರು, ಬಿತ್ತುವ ನೆಲ ಬೇಲಿಯ ಆಚೆ. ಅವರ ಬಾವಿ, ತೆಂಗಿನ ಮರ ಎಲ್ಲ ಅಲ್ಲೇ. ಅದೇ ಕಾಲದಲ್ಲಿ ಉತ್ತರದಲ್ಲಿ ಸೇನೆಯೇ ತರಕಾರಿ ಬೆಳೆದು ಮಾರುತ್ತಿತ್ತು, ಎ9 ಬದಿಯಲ್ಲಿ ಹೋಟೆಲ್ ನಡೆಸುತ್ತಿತ್ತು. ಸಂಬಳ ಸರ್ಕಾರದ್ದು, ನೆಲ ಪುಕ್ಕಟೆ. ಅವರ ಬೆಲೆಗೆ ಯಾವ ರೈತ ಮಾರಿಯಾನು?

2017ರಲ್ಲಿ ಆ ಕಡೆಯ ಜನ, ಹೆಚ್ಚಾಗಿ ಹೆಂಗಸರು, ಸೇನಾ ನೆಲೆಯ ಮುಂದೆ ಹಗಲು ರಾತ್ರಿ ಕೂತರು. ಒಂದಿಷ್ಟು ಜಮೀನು ವಾಪಸ್ ಬಂತು, ಪೂರ್ತಿ ಅಲ್ಲ. ಯಾವ ಸಂಸ್ಥೆಯ ಯೋಜನೆಯಿಂದಲೂ ಅಷ್ಟು ಬರಲಿಲ್ಲ. ನಮ್ಮ ಅರ್ಜಿ ನಮೂನೆಗಳಲ್ಲಿ ‘ಜಮೀನು ಬಿಡಿಸುವುದು’ ಅನ್ನುವ ಚಟುವಟಿಕೆಯೇ ಇರಲಿಲ್ಲ. ಇದ್ದರೂ ಬರೆಯುತ್ತಿರಲಿಲ್ಲ. ವೀಸಾ ಹೋಗುತ್ತಿತ್ತು.

ನಾನು ನೋಡಿದ ಒಳ್ಳೆಯ ದುಡಿಮೆ ಯಾವುದು ಗೊತ್ತಾ? ನೆಲಬಾಂಬು ತೆಗೆಯುವ ಕೆಲಸ. ಹೌದು, ನಿಜವಾಗಿ. ಮುಹಮಾಲೈ ಸುತ್ತಮುತ್ತ ನೆಲದೊಳಗೆ ಸಾಲು ಸಾಲು ಬಾಂಬು. ಅದನ್ನು ತೆಗೆಯುವ ಸಂಸ್ಥೆಗಳು ಸ್ಥಳೀಯ ಹೆಂಗಸರನ್ನೇ ಕೆಲಸಕ್ಕೆ ತಗೊಂಡವು. ಮುಖಕ್ಕೆ ಪ್ಲಾಸ್ಟಿಕ್ ಕವಚ, ಮೈಗೆ ದಪ್ಪ ಜಾಕೆಟ್, ಆ ಬಿಸಿಲಿನಲ್ಲಿ ಮಂಡಿಯೂರಿ ಬೆರಳಷ್ಟು ಬೆರಳಷ್ಟೇ ಮಣ್ಣು ಕೆರೆಯಬೇಕು. ಆದರೆ ತಿಂಗಳ ಸಂಬಳ. ವಿಮೆ. ಸಾಲದವರು ಬಾಗಿಲಿಗೆ ಬಂದರೆ ಹೇಳಲು ಒಂದು ತಾರೀಕು. ನಮ್ಮ ಇಪ್ಪತ್ತೆರಡರಲ್ಲಿ ಮೂವರು ಹೊಲಿಗೆ ಬಿಟ್ಟು ಅಲ್ಲಿಗೆ ಸೇರಿದರು.

ಓದುಗಿ

ಆ ಕೆಲಸಕ್ಕೂ ಕೊನೆ ಇದೆ. ಶ್ರೀಲಂಕಾ 2017ರಲ್ಲಿ ನೆಲಬಾಂಬು ನಿಷೇಧದ ಒಪ್ಪಂದಕ್ಕೆ ಸೇರಿತು. ಬಾಂಬು ಪೂರ್ತಿ ತೆಗೆಯಲು ಅದರ ಗಡುವು 2028. ಎಷ್ಟು ಚೆನ್ನಾಗಿ ಕೆಲಸ ಮಾಡಿದರೆ ಅಷ್ಟು ಬೇಗ ಕೆಲಸ ಹೋಗುತ್ತದೆ. 2025ರಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ಗಡುವಿಗೂ ಮೊದಲೇ ಈ ಕೆಲಸಕ್ಕೆ ಪೆಟ್ಟು ಬಿತ್ತು.

ಬಲೆಗಾರ

ಬಾಂಬು ತೆಗೆದ ನೆಲದಲ್ಲಿ ಆಮೇಲೆ ಯಾರು ಕೃಷಿ ಮಾಡುತ್ತಾರೆ? ತೆಗೆದವಳಿಗೇ ಸಿಗುತ್ತಾ?

ಕಡಲಂಚು

ಮೂಲ ಮಾಲೀಕರಿಗೆ ಸಿಗಬೇಕು. ತೆಗೆದವಳೇ ಮಾಲೀಕಳಾಗಿದ್ದರೆ ಅವಳಿಗೆ. ಹೆಚ್ಚುಕಡಿಮೆ ಹಾಗೇ ಆದ ಒಬ್ಬಳು ನನಗೆ ಗೊತ್ತು. ತನ್ನ ಅತ್ತೆಮನೆಯ ತೋಟದ ಬಾಂಬನ್ನು ಬೇರೆಯವರು ತೆಗೆಯುವಾಗ ರಜೆ ಹಾಕಿ ಹೋಗಿ ದೂರದಲ್ಲಿ ನಿಂತು ನೋಡಿದ್ದಳಂತೆ.

ಎರಡನೇ ಬೆಂಚು

ಉಳಿದ ಹತ್ತೊಂಬತ್ತು ಯಂತ್ರ ಏನಾದವು ಮೇಡಂ?

ಕಡಲಂಚು

ಇಬ್ಬರು ನಿಜವಾಗಿ ಹೊಲಿಯುತ್ತಿದ್ದರು. ಒಬ್ಬಳು ಶಾಲೆ ಸಮವಸ್ತ್ರದ ಕೆಲಸ ಹಿಡಿದಿದ್ದಳು, ಚೆನ್ನಾಗಿ ನಡೆಯುತ್ತಿತ್ತು. ಕೆಲವು ಮಗಳ ಮದುವೆಗೆ ಹೋದವು, ಬೇರೆ ಊರಿಗೆ. ನಾಲ್ಕನ್ನು ಪೇಟೆಯ ಗಿರವಿ ಅಂಗಡಿಯಲ್ಲಿ ನೋಡಿದೆ. ನಮ್ಮ ಸ್ಟಿಕರ್ ಇನ್ನೂ ಅಂಟಿಕೊಂಡೇ ಇತ್ತು. ಉಳಿದವು ಸೀರೆಯ ಕೆಳಗೆ.

ಲೆಕ್ಕಪುಸ್ತಕ

ಕುತೂಹಲಕ್ಕೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ದುಡ್ಡು ಕೊಟ್ಟವರಿಗೆ ಕಳಿಸಿದ ವರದಿಯಲ್ಲಿ ಆ ನಾಲ್ಕರ ಬಗ್ಗೆ ಏನಂತ ಬರೆದರು?

ಕಡಲಂಚು

‘ಇಪ್ಪತ್ತೆರಡು ಯಂತ್ರಗಳನ್ನು ವಿತರಿಸಲಾಗಿದೆ, ಫಲಾನುಭವಿಗಳು ತೃಪ್ತರಾಗಿದ್ದಾರೆ’ ಅಂತ. ಬರೆದವಳು ನಾನೇ.